‘ಲೂಯಿ ಲೂಯಿ’: ಕೇಳುವ ಮುಂಚೆ ಆ ಚೀಟಿ ಬದಿಗಿಡಿ

ಪ್ರಶ್ನೆ: ಅಮೆರಿಕದ ರಾಕ್ ತಂಡ ದಿ ಕಿಂಗ್ಸ್‌ಮೆನ್‌ನ ‘ಲೂಯಿ ಲೂಯಿ’ ಹಾಡನ್ನು ನಿಧಾನ ಮಾಡಿ ಕೇಳಿದರೆ ಅಶ್ಲೀಲ ಸಾಲುಗಳು ಕೇಳಿಸುತ್ತವಂತೆ. ಸ್ನೇಹಿತರು ಸಾಹಿತ್ಯವನ್ನೂ ಕಳಿಸಿದ್ದಾರೆ. ನಿಜವೇ?

ಉತ್ತರ: ಸುಳ್ಳು. ಧ್ವನಿಮುದ್ರಣದ ಕೆಲಸದಲ್ಲಿರುವ ನನಗೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಬಹಳ ಮಂದಿ ರಿಚರ್ಡ್ ಬೆರಿ 1957ರಲ್ಲಿ ಹಾಡಿದ ಮೂಲವನ್ನು ಕೇಳಿಯೇ ಇರುವುದಿಲ್ಲ. ಅದರಲ್ಲಿ ಒಂದೊಂದು ಪದವೂ ಸ್ಪಷ್ಟ. ನಾವಿಕನೊಬ್ಬ ಬಾರಿನವನ ಮುಂದೆ, ಜಮೈಕಾದಲ್ಲಿ ತನಗಾಗಿ ಕಾದಿರುವ ಹುಡುಗಿಯನ್ನು ನೆನೆದು ಹಂಬಲಿಸುತ್ತಾನೆ. ಅಷ್ಟೇ ಹಾಡು.

ಕಿಂಗ್ಸ್‌ಮೆನ್ ಹುಡುಗರು ಅದನ್ನು ಮುದ್ರಿಸಿದ್ದು 1963ರ ಏಪ್ರಿಲ್‌ನಲ್ಲಿ, ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಎಲ್ಲ ವಾದ್ಯಗಳೂ ಒಂದೇ ಕೋಣೆಯಲ್ಲಿ, ಒಟ್ಟಿಗೆ. ಮೈಕು ತಲೆಗಿಂತ ಎತ್ತರದಲ್ಲಿ ತೂಗುತ್ತಿತ್ತು. ಗಾಯಕ ಜ್ಯಾಕ್ ಈಲಿ ಕತ್ತೆತ್ತಿ ಅದರತ್ತ ಕೂಗಿ ಹಾಡಿದ, ಅದೂ ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಬಾಯಲ್ಲಿ. ಹೀಗಾದಾಗ ಮೊದಲು ಸಾಯುವುದು ವ್ಯಂಜನ. ಅದರ ಸೂಕ್ಷ್ಮ ಸದ್ದನ್ನು ಸಿಂಬಲ್, ಗಿಟಾರುಗಳು ನುಂಗುತ್ತವೆ. ಸ್ವರ ಮಾತ್ರ ಉಳಿಯುತ್ತದೆ. ‘ಮನೆ’, ‘ಕರೆ’, ‘ಬಳೆ’ಗಳಿಂದ ವ್ಯಂಜನ ತೆಗೆದು ನೋಡಿ: ಮೂರೂ ‘ಅ-ಎ’. ಆಗ ಕೈಯಲ್ಲಿರುವ ಚೀಟಿಯಲ್ಲಿ ಏನಿದೆಯೋ ಅದೇ ಕಿವಿಗೆ ಬೀಳುತ್ತದೆ. ಅಮೆರಿಕದ ಶಾಲೆ ಕಾಲೇಜುಗಳಲ್ಲಿ ಅಂಥ ಕೊಳಕು ಚೀಟಿಗಳೇ ಕೈಯಿಂದ ಕೈಗೆ ಓಡಾಡಿದ್ದವು. ಈ ಕಾರಣಕ್ಕೇ ಸಾಹಿತ್ಯದ ಹಾಳೆ ಹಿಡಿದು ಮಿಕ್ಸಿಂಗ್ (ದನಿ, ವಾದ್ಯಗಳ ಸದ್ದನ್ನು ಹೊಂದಿಸುವ ಕೆಲಸ) ಮಾಡಲು ನನ್ನ ಶಿಷ್ಯರನ್ನು ಬಿಡುವುದಿಲ್ಲ.

ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. 1964ರಲ್ಲಿ ಇಂಡಿಯಾನಾದ ಗವರ್ನರ್ ಮ್ಯಾಥ್ಯೂ ವೆಲ್ಶ್ ಇದನ್ನು ರೇಡಿಯೊದಲ್ಲಿ ಹಾಕಬೇಡಿ ಎಂದರು. ಎಫ್‌ಬಿಐ ಎರಡು ವರ್ಷಕ್ಕೂ ಮಿಕ್ಕಿ ತನಿಖೆ ನಡೆಸಿ, ಯಾವ ವೇಗದಲ್ಲಿ ತಿರುಗಿಸಿದರೂ ಅರ್ಥವಾಗದು ಎಂದು ಕೈಬಿಟ್ಟಿತು. ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ತಟ್ಟೆಯನ್ನು 33 ಸುತ್ತಿನ ವೇಗದಲ್ಲಿ ತಿರುಗಿಸಿದರೆ ಕಳೆದ ವ್ಯಂಜನ ಮರಳುವುದಿಲ್ಲ, ಉಳಿದದ್ದೂ ಕಲಸಿಹೋಗುತ್ತದೆ. ಈಗ ‘ಎಐನಿಂದ ಅಸಲಿ ಸಾಹಿತ್ಯ ಹೊರತೆಗೆಯುತ್ತೇವೆ’ ಎಂದು ದುಡ್ಡು ಕೇಳುವವರು ಹುಟ್ಟಿಕೊಂಡಿದ್ದಾರೆ. ಟೇಪಿನಲ್ಲಿ ಇಲ್ಲದ್ದನ್ನು ಆ ತಂತ್ರಾಂಶ ಊಹಿಸಿ ತುಂಬುತ್ತದೆ. ಒಂದು ರೂಪಾಯಿಯನ್ನೂ ಕೊಡಬೇಡಿ.

ಬೈಗುಳ ಇರುವುದು ಬೇರೆ ಕಡೆ. ಸುಮಾರು 54ನೇ ಸೆಕೆಂಡಿನಲ್ಲಿ, ಹಿಂದಿನಿಂದ, ಡ್ರಮ್ಮರ್ ಲಿನ್ ಈಸ್ಟನ್ ಕೂಗಿದ್ದು. ತಂಡದವರೇ ಅದನ್ನು ಹೇಳಿಕೊಂಡಿದ್ದಾರೆ. ಸಾಹಿತ್ಯಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಈ ಹಾಡಿಗೆ ಗಿಟಾರಿನಲ್ಲಿ ಎ, ಡಿ, ಇ ಮೇಜರ್ ಕಾರ್ಡ್‌ಗಳನ್ನು (ಒಟ್ಟಿಗೆ ಮೀಟುವ ಸ್ವರಗುಚ್ಛ) ನುಡಿಸಿದರೆ ಸಾಲದೇ?

ಉತ್ತರ: ಸಾಲದು. ಮೂರನೆಯದು ಇ ಮೈನರ್.

ಪ್ರಶ್ನೆ: ಈ ಹಾಡಿನ ಒರಟು ಸದ್ದಿಗೆ ಯಾವ ಪೆಡಲ್ (ಗಿಟಾರಿನ ಸದ್ದು ಬದಲಿಸುವ ಸಾಧನ) ಕೊಳ್ಳಲಿ?

ಉತ್ತರ: ಯಾವುದೂ ಬೇಡ. ತಂಡದವರೆಲ್ಲ ಒಂದೇ ಕೋಣೆಯಲ್ಲಿ ನಿಂತು ಒಟ್ಟಿಗೆ ನುಡಿಸಿ.

ಪ್ರಶ್ನೆ: ಗಿಟಾರ್ ಸೋಲೊ ಆದಮೇಲೆ ಗಾಯಕ ಅವಸರಪಟ್ಟಿದ್ದಾನೆ. ಕಂಪ್ಯೂಟರಿನಲ್ಲಿ ಅದನ್ನು ಸರಿಪಡಿಸಬಹುದೇ?

ಉತ್ತರ: ದಯವಿಟ್ಟು ಮುಟ್ಟಬೇಡಿ. ಈಲಿ ಮುಂಚೆಯೇ ಶುರುಮಾಡಿ ತಟ್ಟನೆ ನಿಲ್ಲಿಸುತ್ತಾನೆ. ಆ ಖಾಲಿ ಜಾಗವನ್ನು ಈಸ್ಟನ್ ಒಂದು ಡ್ರಮ್ ಉರುಳಿಕೆಯಲ್ಲಿ ತುಂಬುತ್ತಾನೆ, ತಾಳ ಕೆಡುವುದಿಲ್ಲ. ಆ ಎರಡು ಕ್ಷಣಗಳನ್ನು ಹೆಡ್‌ಫೋನ್ ಹಾಕಿಕೊಂಡು ಹತ್ತು ಸಲ ಕೇಳಿ.