ಅಪ್ಪನ ಅತಿಕ್ರಮಣ, ಮಗಳ ಫಾರೆಸ್ಟ್ರಿ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಶಿರಸಿಯಲ್ಲಿ ಬಿಎಸ್ಸಿ ಫಾರೆಸ್ಟ್ರಿ ಎರಡನೇ ವರ್ಷದ ಹುಡುಗಿ. ಮನೆ ಕುಮಟಾ ಕಡೆ, ಘಟ್ಟದ ಬುಡದಲ್ಲಿ. ಸಲಹೆ ಕೇಳಲು ಬಂದು ನನ್ನೆದುರು ಕೂತವಳೇ ಹೇಳಿದಳು, "ಟೀಸಿ ತಗೊಂಡು ಬೇರೆ ಕಾಲೇಜಿಗೆ ಹೋಗ್ತೇನೆ ಮೇಡಂ. ಅಪ್ಪ ಮಾತೇ ಬಿಟ್ಟಿದ್ದಾನೆ."

ಕಾರಣ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಅವರ ತೋಟದ ಅರ್ಧ ಅರಣ್ಯ ಅತಿಕ್ರಮಣದ ಜಾಗ. ಜಾಗದ ಜಿಪಿಎಸ್ ಅಳತೆ ಆಗಿ, ಹಕ್ಕು ಕೇಳಿ ಹಾಕಿದ ಅರ್ಜಿ ತಿರಸ್ಕಾರವಾಗಿದೆ, ಮೇಲ್ಮನವಿ ಹಾಕಿದ್ದಾರೆ. ಸೀಟು ಸಿಕ್ಕಾಗ ಅಪ್ಪ ಇದೂ ಅಗ್ರಿ ಓದಿನ ಹಾಗೇ ಅಂದುಕೊಂಡಿದ್ದರು. ಫೀಲ್ಡ್ ಟ್ರಿಪ್ಪಿನಲ್ಲಿ ಮಗಳು ಖಾಕಿ ಹಾಕಿದ ಫೋಟೋ ನೋಡಿದ ದಿನ, "ನಾಳೆ ನೀನೇ ಬಂದು ನನ್ನ ಅಡಿಕೆ ಸಸಿ ಕೀಳ್ತೆ" ಅಂದರಂತೆ.

ಮೊದಲ ಸಲ ನಾನೇ ಎಡವಿದೆ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಅಪ್ಪನಿಗೆ ಬಿಡಿಸಿ ಹೇಳು ಅಂದೆ. ಹೇಳಿದಳು. ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನಂಬಿ ಬದುಕಿದ್ದಕ್ಕೆ ಸಾಕ್ಷ್ಯ ಕೊಡಬೇಕು ಅಂತ. ಅರ್ಜಿ ತಿರಸ್ಕಾರದ ಕಾಗದದಲ್ಲಿ ಇದ್ದದ್ದೂ ಅದೇ ಮಾತು! ಮಗಳ ಬಾಯಲ್ಲಿ ಕೇಳಿ ಅಪ್ಪ ಊಟ ಬಿಟ್ಟು ಎದ್ದರು.

ಎರಡನೇ ಸಲ ಒಂದೇ ಪ್ರಶ್ನೆ ಕೇಳಿದೆ. "ಅಪ್ಪನ ಸಿಟ್ಟು ಇಲ್ಲ ಅಂತಿಟ್ಟುಕೋ, ಆಗಲೂ ಬಿಡ್ತೀಯಾ?" ಸುಮ್ನೆ ಕೂತಳು. ಆಮೇಲೆ ಹರ್ಬೇರಿಯಂ, ಅಂದರೆ ಒಣಗಿಸಿ ಹೆಸರು ಬರೆದಿಟ್ಟ ಗಿಡಗಳ ಸಂಗ್ರಹದ ಮಾತು ಶುರುವಾಯಿತು, ನಿಲ್ಲಲೇ ಇಲ್ಲ. ಹುಳಿ ಹಣ್ಣಿನ ಮರಗಳಾದ ಉಪ್ಪಾಗೆ, ಮುರುಗಲು ಎರಡೂ ಗಾರ್ಸಿನಿಯಾ ಅನ್ನುವ ಒಂದೇ ಕುಲದವು ಅಂತ ಕಾಲೇಜಿನಲ್ಲಿ ಗೊತ್ತಾಯಿತಂತೆ. "ಮರ ಗುರುತು ಹಿಡಿಯೋದು ಕಲಿಸಿದ್ದು ಮಾತ್ರ ಅಪ್ಪನೇ."

ಹಾಗಾಗಿ ಹೀಗೆ ಹೇಳಿದೆ: ಸೆಮಿಸ್ಟರ್ ಮುಗಿಯುವ ತನಕ ಟೀಸಿ ಮಾತು ಬೇಡ. ರಜೆಯಲ್ಲಿ ಕಾಯ್ದೆ ಎತ್ತಬೇಡ. ಗಿಡ ಒಟ್ಟು ಮಾಡಬೇಕು, ಬೆಟ್ಟಕ್ಕೆ ಬಾ ಅಂತ ಅಪ್ಪನನ್ನು ಕರೆ. ಊರಿನ ಹೆಸರು ಅವರು ಹೇಳಲಿ, ನೀನು ಬರೆದುಕೋ. ಜಾಗದ ಕೇಸು ವಕೀಲರ ಕೆಲಸ, ಅದನ್ನು ನಿನ್ನ ತಲೆ ಮೇಲೆ ಹೊತ್ತುಕೊಳ್ಳಬೇಡ.

ಈ ಡಿಗ್ರಿ ಮಾಡಿದವರೆಲ್ಲ ಖಾಕಿ ಹಾಕುವುದಿಲ್ಲ. ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಗೂ ಅರ್ಜಿ ಹಾಕಬಹುದು, ಸಂಶೋಧನೆಗೂ ಹೋಗಬಹುದು. ಆದರೆ ಅವಳಿಗೆ ಆರ್‌ಎಫ್‌ಓ (ವಲಯ ಅರಣ್ಯಾಧಿಕಾರಿ) ಆಗುವ ಆಸೆಯೇ ಜಾಸ್ತಿ. ಅಪ್ಪನಿಂದ ಅದನ್ನು ಮುಚ್ಚಿಡು ಅಂತ ನಾನು ಹೇಳಲಿಲ್ಲ, ಈಗಲೇ ಹೇಳು ಅಂತಲೂ ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಫೋನ್ ಮಾಡಿದ್ದಳು. ಅಪ್ಪ ಬೆಟ್ಟಕ್ಕೆ ಬಂದರಂತೆ, ಅವಳು ಹೊನ್ನೆ ಅಂತ ಚೀಟಿ ಅಂಟಿಸಿದ್ದನ್ನು ನೋಡಿ ನಕ್ಕರಂತೆ. ಜಾಗದ ಮಾತು ಇನ್ನೂ ಬಂದಿಲ್ಲ. ಟೀಸಿ ಅರ್ಜಿ ಬ್ಯಾಗಿನಲ್ಲೇ ಇದೆ.