ಓದುಗರ ಪ್ರಶ್ನೆ: ವೆನಿಸ್‌ಗೆ ಹೊರಟವರಿಗೆ

ಪ್ರಶ್ನೆ: ನನ್ನೂರು ಧಾರವಾಡ, ಈಗ ಇಟಲಿಯ ಪಾಡುವಾದಲ್ಲಿ ಓದುತ್ತಿದ್ದೇನೆ. ನವೆಂಬರ್‌ನಲ್ಲಿ ಜರ್ಮನಿಯಿಂದ ಮೂವರು ಗೆಳತಿಯರು ಬರುತ್ತಾರೆ. ಎಲ್ಲರೂ ಕೂಡಿ ವೆನಿಸ್ ನೋಡುವ ಆಸೆ. ಒಂದೇ ದಿನದಲ್ಲಿ ಆದೀತೇ? ದೋಣಿ ಟಿಕೆಟ್ ಬಹಳ ದುಬಾರಿ ಎನ್ನುತ್ತಾರೆ, ಹೌದೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮುಖ್ಯ ಊರಷ್ಟೇ ಆದರೆ ಒಂದು ದಿನ ಸಾಕು. ಮುರಾನೊ, ಬುರಾನೊ ದ್ವೀಪಗಳನ್ನೂ ಅದರಲ್ಲೇ ತುರುಕಿದರೆ ಅರ್ಧ ದಿನ ದೋಣಿಯಲ್ಲೇ ಕಳೆಯುತ್ತದೆ. ಬುರಾನೊಗೆ ಒಂದು ಕಡೆಯ ಪ್ರಯಾಣವೇ ಸುಮಾರು ಮುಕ್ಕಾಲು ಗಂಟೆ.

ಪಾಡುವಾದಿಂದ ರೈಲಿನಲ್ಲಿ ಅರ್ಧ ಗಂಟೆ ದಾರಿ. ಟಿಕೆಟ್ ಮೇಲೆ ‘ವೆನೆಜಿಯಾ ಸಾಂತಾ ಲುಚಿಯಾ’ ಎಂದಿರಲಿ. ‘ವೆನೆಜಿಯಾ ಮೆಸ್ತ್ರೆ’ ಎಂದಿದ್ದರೆ ಅದು ವೆನಿಸ್‌ಗೆ ಒಯ್ಯುವ ಸೇತುವೆಯ ಈಚೆಗಿರುವ ಒಣನೆಲದ ನಿಲ್ದಾಣ. ಅಲ್ಲಿಳಿದವರಿಗೆ ಕಾಣುವುದು ಬಸ್ಸು, ಕಾರು. ಕಾಗದದ ಟಿಕೆಟ್ ಕೊಂಡರೆ ಪ್ಲಾಟ್‌ಫಾರ್ಮ್ ಬಳಿಯ ಯಂತ್ರದಲ್ಲಿ ಮುದ್ರೆ ಒತ್ತಿಸಿಯೇ ಹತ್ತಿ. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಗೆಳತಿಯರು ಪಾಸ್‌ಪೋರ್ಟ್ ಮತ್ತು ಜರ್ಮನಿಯ ನಿವಾಸ ಕಾರ್ಡ್ ಎರಡನ್ನೂ ಅಸಲಿಯಾಗಿಯೇ ತರಬೇಕು. ಗಡಿಯಲ್ಲಿ ರೈಲಿನೊಳಗೆ ತಪಾಸಣೆ ನಡೆದರೆ ಮೊಬೈಲಿನಲ್ಲಿರುವ ಫೋಟೊ ಕೆಲಸಕ್ಕೆ ಬರುವುದಿಲ್ಲ.

ದೋಣಿಯ ವಿಷಯಕ್ಕೆ ಬರೋಣ. ಇಲ್ಲಿನ ಸಿಟಿ ಬಸ್ಸೆಂದರೆ ‘ವಪೊರೆಟ್ಟೊ’ ಎಂಬ ದೋಣಿ. 2025ರ ದರದಂತೆ 75 ನಿಮಿಷದ ಒಂದು ಟಿಕೆಟ್‌ಗೆ 9.50 ಯೂರೋ, 24 ಗಂಟೆಯ ಪಾಸ್‌ಗೆ 25. ಎರಡು ಸಲ ಹತ್ತುವುದಾದರೆ ಬಿಡಿ ಟಿಕೆಟ್ ಅಗ್ಗ, ಮೂರು ಸಲವಾದರೆ ಪಾಸ್ ಲಾಭ. 29 ವರ್ಷದೊಳಗಿನವರಿಗೆ ‘ರೋಲಿಂಗ್ ವೆನಿಸ್’ ಎಂಬ 6 ಯೂರೋದ ಕಾರ್ಡ್ ಇದೆ. ಅದಿದ್ದರೆ 72 ಗಂಟೆಯ ಪಾಸ್ 27ಕ್ಕೆ ಸಿಗುತ್ತದೆ. ಕೂಡಿಸಿದರೆ 33. ಸಾಮಾನ್ಯ 48 ಗಂಟೆಯ ಪಾಸ್‌ಗೇ 35 ಇರುವಾಗ ಎರಡು ದಿನ ಉಳಿಯುವವರು ಬೇರೆ ಯೋಚನೆ ಮಾಡಬೇಕಿಲ್ಲ. ಯಾವ ಟಿಕೆಟ್ ಇದ್ದರೂ ಕಟ್ಟೆಯ ಮೇಲಿನ ಯಂತ್ರಕ್ಕೆ ತಾಗಿಸದೆ ಹತ್ತಬೇಡಿ.

ನಿಮ್ಮ ಒಂದು ದಿನಕ್ಕೆ ನಮ್ಮ ಸಲಹೆ: ಹೋಗುವಾಗ ನಡಿಗೆ, ಬರುವಾಗ ದೋಣಿ. ಬೆಳಿಗ್ಗೆ ಎಂಟಕ್ಕೆ ಇಳಿದು ಸ್ತ್ರಾದಾ ನೋವಾ ಬೀದಿ ಹಿಡಿದು ರಿಯಾಲ್ಟೊಗೆ ನಡೆಯಿರಿ. ಅಲ್ಲಿನ ಸಂತೆ ಮಧ್ಯಾಹ್ನದ ಹೊತ್ತಿಗೆ ಮುಗಿದಿರುತ್ತದೆ. 1591ರಲ್ಲಿ ಮುಗಿದ ರಿಯಾಲ್ಟೊ ಕಲ್ಲಿನ ಸೇತುವೆ ದಾಟಿದರೆ ಆ ಸಂತೆ, ನೋಡಿ ಮರಳಿ ಸೇತುವೆ ದಾಟಿ ಸಾನ್ ಮಾರ್ಕೊ ಚೌಕ. ಬರೀ ನಡಿಗೆ ನಲವತ್ತು ನಿಮಿಷ. ಗೋಡೆಗಳ ಸಂದಿಯಲ್ಲಿ ಮೊಬೈಲಿನ ಮ್ಯಾಪ್ ತಡವರಿಸಿ ನಿಮ್ಮನ್ನು ನೀರಿನಂಚಿಗೆ ತಂದು ನಿಲ್ಲಿಸುವುದುಂಟು. ಗೋಡೆ ಮೇಲಿನ ‘ಪೆರ್ ರಿಯಾಲ್ಟೊ’, ‘ಪೆರ್ ಸಾನ್ ಮಾರ್ಕೊ’ ಹಳದಿ ಫಲಕಗಳನ್ನೇ ನಂಬಿ. ಹಿಂದೆ ವೆನಿಸ್ ಆಳುತ್ತಿದ್ದ ಡೋಜ್‌ಗಳ ಅರಮನೆಯಲ್ಲಿ 25 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ, ಕಾಲೇಜಿನ ಕಾರ್ಡ್ ಒಯ್ಯಿರಿ. ಚೌಕದ ದೊಡ್ಡ ಚರ್ಚಾದ ಬಸಿಲಿಕಾಕ್ಕೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು, ದೊಡ್ಡ ಬ್ಯಾಗ್ ಬಿಡುವುದಿಲ್ಲ. ಗಾಲಿ ಸೂಟ್‌ಕೇಸನ್ನು ನಿಲ್ದಾಣದಲ್ಲೇ ಇಟ್ಟುಬಿಡಿ. ಇಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲು.

ನವೆಂಬರ್‌ನಲ್ಲಿ ಐದರೊಳಗೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಮೂರೂವರೆಗೆ 1ನೇ ನಂಬರಿನ ದೋಣಿ ಹತ್ತಿ. ಸಾನ್ ಮಾರ್ಕೊದಲ್ಲಿ ಕಾಯುವ ಬದಲು ಒಂದು ಸ್ಟಾಪ್ ಹಿಂದಿನ ಸಾನ್ ಜಕರಿಯಾದಲ್ಲಿ ಹತ್ತಿದರೆ ಕೂರಲು ಜಾಗ ಸಿಗುವ ಸಂಭವ ಹೆಚ್ಚು. ನಿಲ್ದಾಣದವರೆಗೆ ಸುಮಾರು ಮುಕ್ಕಾಲು ಗಂಟೆ ದೊಡ್ಡ ಕಾಲುವೆಯುದ್ದಕ್ಕೂ ಅರಮನೆಗಳ ಮುಂಭಾಗ ಕಾಣುತ್ತದೆ. ಅವನ್ನೆಲ್ಲ ಕಟ್ಟಿದ್ದೇ ನೀರಿನ ಕಡೆ ಮುಖ ಮಾಡಿ. ಬೀದಿಯಿಂದ ನೋಡಿದರೆ ಬರೀ ಬೆನ್ನು ಕಾಣುತ್ತದೆ.

ಪ್ರಶ್ನೆ: ಗೊಂಡೋಲಾಕ್ಕೆ ತಲೆಗೆ 90 ಯೂರೋ ಅಂತೆ. ಮಗನಿಗೆ ಬೇಡ ಎನ್ನಲೇ?
– ತಂದೆ, ಹುಬ್ಬಳ್ಳಿ

ಉತ್ತರ: ತಲೆಗಲ್ಲ, ದೋಣಿಗೆ. ಹಗಲಿನಲ್ಲಿ 30 ನಿಮಿಷಕ್ಕೆ 90, ಸಂಜೆ ಏಳರ ನಂತರ 35 ನಿಮಿಷಕ್ಕೆ 110. ಐವರು ಕೂರಬಹುದು, ಐವರಾದರೆ ತಲೆಗೆ 18. ಹತ್ತುವ ಮುನ್ನ ಹೊತ್ತು, ದರ ಎರಡನ್ನೂ ಬಾಯಿಬಿಟ್ಟು ಕೇಳಿಕೊಳ್ಳಲಿ. ಹಾಡಿಗೆ ಬೇರೆ ದುಡ್ಡು. ಕೂರುವ ಜಾಗವನ್ನು ಅಂಬಿಗನೇ ಹೇಳುತ್ತಾನೆ, ಅದರಂತೆಯೇ ಕೂರಬೇಕು: ಒಂದೇ ಹುಟ್ಟಿನಿಂದ ಒಂದೇ ಬದಿಗೆ ನಡೆಸುವ ದೋಣಿಯಾದ್ದರಿಂದ ಅದರ ಎಡಭಾಗ ಬಲಕ್ಕಿಂತ 24 ಸೆಂಟಿಮೀಟರ್ ಅಗಲ. ಭಾರ ಹೆಚ್ಚುಕಡಿಮೆಯಾದರೆ ನೆಟ್ಟಗೆ ಸಾಗದು. ಹುಡುಗನಿಗೆ ಬರೀ ಕೂತ ಅನುಭವ ಸಾಕೆಂದರೆ ರಿಯಾಲ್ಟೊ ಸಂತೆಯ ಬಳಿ ‘ತ್ರಾಘೆತ್ತೊ’ ಇದೆ. ಅಂಥದೇ ದೋಣಿ, ಬರೀ ಆಚೆ ದಡಕ್ಕೆ, 2 ಯೂರೋ.

ಪ್ರಶ್ನೆ: ಸುತ್ತ ಉಪ್ಪುನೀರು. ಹಳೇ ಕಾಲದ ಜನ ಏನು ಕುಡಿಯುತ್ತಿದ್ದರು?
– ಶಿಕ್ಷಕರು, ಗದಗ

ಉತ್ತರ: ಮಳೆನೀರು. ಊರಿನ ಹೆಚ್ಚಿನ ಚೌಕಗಳ ನಡುವೆ ಕೆತ್ತನೆಯ ಕಲ್ಲಿನ ಬಾವಿಕಟ್ಟೆ ಕಾಣುತ್ತದೆ. ನೋಡಲು ಹೋಗುವ ನೂರರಲ್ಲಿ ತೊಂಬತ್ತು ಮಂದಿ ಅದರ ಮೇಲೆ ಬ್ಯಾಗ್ ಇಟ್ಟು ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ನಿಮ್ಮ ಲಕ್ಕುಂಡಿಯ ಮುಸುಕಿನ ಬಾವಿ ಮೆಟ್ಟಿಲಿಳಿದು ನೆಲದೊಳಗಿನ ನೀರನ್ನು ಮುಟ್ಟುತ್ತದೆ. ವೆನಿಸ್‌ನದು ಅದಕ್ಕೆ ತದ್ವಿರುದ್ಧ: ಕೆಳಗಿನ ನೀರು ಒಳಗೆ ಬಾರದಂತೆ ತಡೆಯುವುದೇ ಅಲ್ಲಿನ ಕಸುಬು. ನಾಲ್ಕೈದು ಮೀಟರ್ ಗುಂಡಿ ತೋಡಿ, ತಳಕ್ಕೂ ಬದಿಗೂ ಜೇಡಿಮಣ್ಣು ಮೆತ್ತಿ, ನಡುವೆ ಇಟ್ಟಿಗೆಯ ಕೊಳವೆ ಎಬ್ಬಿಸಿ, ಸುತ್ತ ಮರಳು ತುಂಬುತ್ತಿದ್ದರು. ಚೌಕದ ಹಾಸುಗಲ್ಲಿಗೆ ಸಣ್ಣ ಇಳಿಜಾರು ಕೊಟ್ಟು, ಬಾವಿಯ ಸುತ್ತ ತೂತುಗಲ್ಲು ಕೂರಿಸಿದರೆ ಮಳೆನೀರು ಅದರಲ್ಲಿ ಇಳಿದು, ಮರಳಲ್ಲಿ ಸೋಸಿಕೊಂಡು, ಬುಡದಿಂದ ಕೊಳವೆಗೆ ಬರುತ್ತಿತ್ತು. ಸಮುದ್ರ ಉಕ್ಕಿ ಉಪ್ಪುನೀರು ಇಳಿದರೆ ಇಡೀ ಬಾವಿ ಕೆಟ್ಟಂತೆಯೇ, ಅದಕ್ಕೇ ಕೆಲವು ಕಟ್ಟೆಗಳನ್ನು ಮೆಟ್ಟಿಲಿಟ್ಟು ಎತ್ತರಿಸಿದ್ದಾರೆ. ಮಳೆ ಸಾಲದ ವರ್ಷ ಬ್ರೆಂತಾ ನದಿಯಿಂದ ದೋಣಿಯಲ್ಲಿ ನೀರು ತರುತ್ತಿದ್ದರು. ಕೊಳವೆ ನೀರು ಬಂದದ್ದು 1884ರಲ್ಲಿ. ಮಕ್ಕಳನ್ನು ಕರೆದೊಯ್ದರೆ ಆ ತೂತುಗಲ್ಲು ತೋರಿಸಿ. ಹೆಚ್ಚಾಗಿ ನಾಲ್ಕು ಇರುತ್ತವೆ.

ಪ್ರಶ್ನೆ: ನವೆಂಬರ್‌ನಲ್ಲಿ ಊರೆಲ್ಲ ಮುಳುಗುತ್ತದಂತೆ. ಟಿಕೆಟ್ ರದ್ದು ಮಾಡಬೇಕೇ?
– ವಿದ್ಯಾರ್ಥಿ, ಹಾವೇರಿ

ಉತ್ತರ: ಬೇಡ. ಉಬ್ಬರಕ್ಕೆ ದಕ್ಷಿಣದ ಸಿರೊಕ್ಕೊ ಗಾಳಿ ಸೇರಿದಾಗ ನೀರು ಏರುತ್ತದೆ. 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಮುಟ್ಟಿತ್ತು (ಇದು ಉಬ್ಬರದ ಮಟ್ಟದ ಅಳತೆ, ಬೀದಿಯಲ್ಲಿ ನಿಂತ ನೀರಿನ ಆಳವಲ್ಲ). 2020ರ ಅಕ್ಟೋಬರ್‌ನಿಂದ ‘ಮೋಸೆ’ ಎಂಬ 78 ಕದಗಳ ತಡೆಗೋಡೆ ಕೆಲಸ ಮಾಡುತ್ತಿದೆ. 110 ಸೆಂಟಿಮೀಟರ್ ಮುನ್ಸೂಚನೆ ಬಂದರೆ ಸಾಮಾನ್ಯವಾಗಿ ಎತ್ತುತ್ತಾರೆ. ತೊಡಕಿರುವುದು ಅದಕ್ಕಿಂತ ಕೆಳಗೆ. ಸಾನ್ ಮಾರ್ಕೊ ಚೌಕ ಊರಿನ ತಗ್ಗು ಜಾಗ, ಅಲ್ಲಿ 90ಕ್ಕೇ ನೀರು ನಿಲ್ಲುತ್ತದೆ. ಮುನಿಸಿಪಾಲಿಟಿಯವರು ಹಲಗೆ ದಾರಿ ಹಾಕುತ್ತಾರೆ, ಕೆಲವು ಗಂಟೆಯಲ್ಲಿ ನೀರು ಇಳಿಯುತ್ತದೆ. ಆ ಹೊತ್ತು ಬೇರೆ ಕಡೆ ಸುತ್ತಿ.

ಪ್ರಶ್ನೆ: ಮಗಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ಏನು ತಿನ್ನಬೇಕು? ನೋಡಲು ಹೋಗುತ್ತಿರುವ ಬಂಧುಗಳ ಕೈಯಲ್ಲಿ ಫೇಡೆ ಕಳಿಸಬಹುದೇ?
– ತಾಯಿ, ಧಾರವಾಡ

ಉತ್ತರ: ‘ಮರಿನಾರಾ’ ಪಿಜ್ಜಾ ಕೇಳಲಿ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಸೊಪ್ಪು, ಎಣ್ಣೆ ಅಷ್ಟೇ. ಪಾರ್ಮೆಸಾನ್ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು ಹಾಕುತ್ತಾರೆ, ಕಟ್ಟುನಿಟ್ಟಿನವರು ಅದನ್ನೂ ಬಿಡಬೇಕು. ‘ಬಿಗೊಲಿ ಇನ್ ಸಾಲ್ಸಾ’ ನೋಡಲು ಬರೀ ಶಾವಿಗೆಯಂತಿದ್ದರೂ ಅದರಲ್ಲಿ ಮೀನಿದೆ. ಕೂತು ಉಂಡರೆ ತಲೆಗಿಷ್ಟು ಎಂದು ‘ಕೊಪೆರ್ತೊ’ ಬಿಲ್ಲಿಗೆ ಸೇರುತ್ತದೆ. ಬುತ್ತಿ ಒಯ್ಯಬಹುದು, ಆದರೆ ಸಾನ್ ಮಾರ್ಕೊದಲ್ಲಿ ನೆಲಕ್ಕೆ ಕೂತು ತಿಂದರೆ ದಂಡ. ರೈಲು ನಿಲ್ದಾಣದ ಹತ್ತಿರದ ಪಾಪಡೊಪೊಲಿ ಉದ್ಯಾನದ ಬೆಂಚು ವಾಸಿ.

ಫೇಡೆ ಬೇಡ. ಭಾರತದಿಂದ ಹೋಗುವವರು ಹಾಲಿನ ಪದಾರ್ಥವನ್ನು ಯೂರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಕಸಿದುಕೊಳ್ಳುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸಿ. ಪುಡಿಗೆ ತುಪ್ಪ ಬೆರೆಸಬೇಡಿ.