ಹಂದಿಯ ಕಿಡ್ನಿ ಬರುವವರೆಗೆ ಕಾಯಬಹುದೇ, ಅಮ್ಮನಿಂದ ಈಗಲೇ ಪಡೆಯಬೇಕೇ?

ಅಮ್ಮ ಕಿಡ್ನಿ ಕೊಡುತ್ತೇನೆ ಎನ್ನುತ್ತಿದ್ದಾರೆ, ನಿಮಗೆ ಮನಸ್ಸು ಒಪ್ಪುತ್ತಿಲ್ಲ, ಹಂದಿಯ ಕಿಡ್ನಿಯನ್ನು ಮನುಷ್ಯರಿಗೆ ಕಸಿ ಮಾಡುವ ಚಿಕಿತ್ಸೆ ಬರುವವರೆಗೆ ಡಯಾಲಿಸಿಸ್‌ನಲ್ಲಿ ಕಾಲ ತಳ್ಳಿದರೆ ನಷ್ಟವೇನು ಎಂದು ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದವನು. ನನ್ನ ಕಾಲಕ್ಕೆ ಹಂದಿಯ ಸುದ್ದಿ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಾಫಿ ಲೋಟದಷ್ಟೇ ದೊಡ್ಡದಾದ ಕೃತಕ ಕಿಡ್ನಿ ಮಾಡುತ್ತಿದ್ದಾರೆ, ಅದನ್ನು ಹೊಟ್ಟೆಯೊಳಗೆ ಕೂರಿಸುತ್ತಾರೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಆ ತುಂಡನ್ನು ಕತ್ತರಿಸಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಆ ಕಿಡ್ನಿ ಇಂದಿಗೂ ಯಾವ ಆಸ್ಪತ್ರೆಯಲ್ಲೂ ಸಿಗುವುದಿಲ್ಲ.

ಹಾಸನದಲ್ಲಿ ನನ್ನದು ಬಿತ್ತನೆ ಆಲೂಗಡ್ಡೆಯ ವ್ಯಾಪಾರ. ಜಲಂಧರ್‌ನಿಂದ ಲಾರಿಗಳು ಬರತೊಡಗಿದರೆ ಊಟಕ್ಕೂ ಬಿಡುವಿರುವುದಿಲ್ಲ. ಡಯಾಲಿಸಿಸ್ ಮುಗಿಸಿ ನೇರವಾಗಿ ಮಂಡಿಗೆ ಹೋಗಿ ನಿಲ್ಲುತ್ತಿದ್ದೆ. ಕಿಡ್ನಿ ಸೋತವರಿಗೆ ರಕ್ತ ಕಡಿಮೆಯಾಗುವುದು ನಿಮಗೆ ಗೊತ್ತಿರಬಹುದು. ರಕ್ತ ತಯಾರಿಸಲು ಮೂಳೆಯ ಮಜ್ಜೆಗೆ ಸೂಚನೆ ಕೊಡುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ಬಹುಪಾಲು ಕಿಡ್ನಿಯಲ್ಲಿಯೇ ಹುಟ್ಟುತ್ತದೆ. 1989ರಿಂದ ಅದು ಇಂಜೆಕ್ಷನ್ ರೂಪದಲ್ಲಿ ಸಿಗುತ್ತಿದೆ. ನನಗೂ ಬರೆದುಕೊಟ್ಟಿದ್ದರು. ಫ್ರಿಜ್‌ನಲ್ಲಿ ಇಡಬೇಕು, ಜೊತೆಗೆ ಕಬ್ಬಿಣಾಂಶದ ಇಂಜೆಕ್ಷನ್ ಬೇರೆ, ಖರ್ಚೂ ಇತ್ತು. ಸುಗ್ಗಿ ಮುಗಿಯಲಿ ಎಂದು ತಪ್ಪಿಸುತ್ತಾ ಹೋದೆ. ಹಿಮೋಗ್ಲೋಬಿನ್ ಆರಕ್ಕೆ ಇಳಿದಾಗಲೆಲ್ಲ ರಕ್ತ ಏರಿಸಿಕೊಂಡೆ. ದೊಡ್ಡಪ್ಪನ ಮಕ್ಕಳು, ಮಂಡಿಯ ಹಮಾಲರು, ಕೇಳಿದವರೆಲ್ಲ ಬಂದು ರಕ್ತ ಕೊಟ್ಟರು. ಮರುದಿನವೇ ಮೆಟ್ಟಿಲು ಹತ್ತುವ ಶಕ್ತಿ ಬರುತ್ತಿತ್ತು. ಇಂಜೆಕ್ಷನ್ನಿಗಿಂತ ಇದೇ ವಾಸಿ ಎಂದುಕೊಂಡೆ.

ನನ್ನನ್ನು ಮುಳುಗಿಸಿದ್ದು ಇದೇ. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ. ರಕ್ತದ ಗುಂಪು ಹೊಂದಿದರೆ ಸಾಕು ಎಂದು ನಾವು ತಿಳಿಯುತ್ತೇವೆ. ಕೆಂಪು ರಕ್ತಕಣಗಳ ಮಟ್ಟಿಗೆ ಅದು ಸರಿ. ಆದರೆ ಆ ಚೀಲದಲ್ಲಿ ದಾನಿಯ ಬಿಳಿ ರಕ್ತಕಣಗಳೂ ಬಂದಿರುತ್ತವೆ. ಅವುಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತುಗಳಿರುತ್ತವೆ. ನಮ್ಮ ದೇಹ ಆ ಗುರುತುಗಳನ್ನು ಪರಕೀಯವೆಂದು ಕಂಡುಕೊಂಡು ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಹೊಸಬರ ರಕ್ತ ಬಂದಷ್ಟೂ ಹೊಸ ಪ್ರತಿಕಾಯಗಳು ಸೇರುವ ಅಪಾಯವಿರುತ್ತದೆ. ಬಿಳಿ ಕಣಗಳನ್ನು ಸೋಸಿ ಕೊಟ್ಟರೆ ಈ ಅಪಾಯ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಮಗುವಿಗೆ ತಾಯಿಯಿಂದ ಬರುವುದು ಈ ಗುರುತುಗಳಲ್ಲಿ ಅರ್ಧ ಮಾತ್ರ, ಉಳಿದರ್ಧ ತಂದೆಯದು. ಅಂದರೆ ಅಮ್ಮನ ಗುರುತುಗಳಲ್ಲಿ ಅರ್ಧದಷ್ಟು ನನಗೆ ಪರಕೀಯವೇ. ಯಾರದೋ ರಕ್ತವನ್ನು ನೋಡಿ ನನ್ನ ದೇಹ ಕಟ್ಟಿಕೊಂಡ ಹಗೆ ಆ ಅರ್ಧಕ್ಕೂ ತಗುಲಿಕೊಂಡಿತ್ತು.

ಕೊನೆಗೆ ಅಮ್ಮನ ಹಟಕ್ಕೆ ಮಣಿದು ಬೆಂಗಳೂರಿಗೆ ಹೋದಾಗ ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂತು. ದಾನಿಯ ಬಿಳಿ ಕಣಗಳಿಗೆ ನಮ್ಮ ರಕ್ತದ ಸೀರಮ್ ಸೇರಿಸಿ ಅವು ಸಾಯುತ್ತವೆಯೇ ಎಂದು ನೋಡುವ ಪರೀಕ್ಷೆ ಅದು. ಸತ್ತರೆ ಪಾಸಿಟಿವ್, ಅಂದರೆ ಆ ಕಿಡ್ನಿ ನಮಗೆ ಹೊಂದುವುದಿಲ್ಲ. 1969ರಲ್ಲಿ ಪಟೇಲ್ ಮತ್ತು ತೆರಸಾಕಿ ಪ್ರಕಟಿಸಿದ ಅಧ್ಯಯನದಿಂದ ಇದರ ಬೆಲೆ ಜಗತ್ತಿಗೆ ತಿಳಿಯಿತು. ಪರೀಕ್ಷೆ ಪಾಸಿಟಿವ್ ಇದ್ದ 30 ಕಸಿಗಳಲ್ಲಿ 24 ಕೂಡಲೇ ವಿಫಲವಾಗಿದ್ದವು, ನೆಗೆಟಿವ್ ಇದ್ದ 195ರಲ್ಲಿ ಹಾಗಾದದ್ದು 8 ಮಾತ್ರ. ರಕ್ತ ಏರಿಸಿಕೊಂಡರೆ ಕಸಿಗೆ ಒಳ್ಳೆಯದು ಎಂದು ನಿಮಗೆ ಯಾರಾದರೂ ಹೇಳಬಹುದು. 1970ರ ದಶಕದಲ್ಲಿ ಹಾಗೆ ಬೇಕೆಂದೇ ಏರಿಸುತ್ತಿದ್ದದ್ದು ನಿಜ. ಸೈಕ್ಲೋಸ್ಪೋರಿನ್‌ನಂಥ , ಕಸಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧಿಗಳು ಬಂದ ಮೇಲೆ ಆ ಮಾತಿಗೆ ಬೆಲೆ ಉಳಿದಿಲ್ಲ.

ಅಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿ ಕುಳಿತು, "ಮೊದಲೇ ತೆಗೆದುಕೊಂಡಿದ್ದರೆ ಆಗುತ್ತಿತ್ತಲ್ಲೋ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಕೊನೆಗೆ ನಾನು ಉಳಿದದ್ದು ಅದಲುಬದಲು ಕಸಿಯಿಂದ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿ ಇದಕ್ಕೆ ದಾರಿ ಮಾಡಿಕೊಟ್ಟಿದೆ. ದಾವಣಗೆರೆ ಕಡೆಯ ಒಬ್ಬರಿಗೆ ಅವರ ಹೆಂಡತಿಯ ರಕ್ತದ ಗುಂಪು ಹೊಂದಿರಲಿಲ್ಲ. ನನ್ನ ಅಮ್ಮನ ಕಿಡ್ನಿ ಅವರಿಗೆ ಹೋಯಿತು, ಅವರ ಹೆಂಡತಿಯ ಕಿಡ್ನಿ ನನಗೆ ಬಂತು. ಅಂಥ ಜೋಡಿ ಸಿಗುವವರೆಗೆ ನಾವು ಪಟ್ಟ ಪಾಡು ಶತ್ರುವಿಗೂ ಬೇಡ. ಪ್ರತಿಕಾಯಗಳು ಹೆಚ್ಚಿರುವವರಿಗೆ ಹೊಂದುವವರು ಸಿಗುವುದೇ ಕಷ್ಟ. ತೀರಿಕೊಂಡವರ ಅಂಗಾಂಗಗಳನ್ನು ಹಂಚುವ ನಮ್ಮ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿದ್ದರೂ ಇದೇ ತೊಡಕು.

ಇನ್ನು ಹಂದಿಯ ವಿಷಯ. 2024ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ಜೀನ್ ತಿದ್ದಿದ ಹಂದಿಯ ಕಿಡ್ನಿಯನ್ನು ಬದುಕಿರುವ ವ್ಯಕ್ತಿಯೊಬ್ಬರಿಗೆ ಮೊದಲ ಬಾರಿ ಕಸಿ ಮಾಡಿದರು. ಅವರು ಸುಮಾರು ಎರಡು ತಿಂಗಳಲ್ಲಿ ತೀರಿಕೊಂಡರು. ಸಾವಿಗೆ ಕಸಿಯೇ ಕಾರಣ ಎಂಬುದಕ್ಕೆ ಸುಳಿವಿಲ್ಲ ಎಂದು ವೈದ್ಯರು ಹೇಳಿದರು. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ನಿಮ್ಮ ಪ್ರಶ್ನೆಯ ಬುಡವೇ ತಪ್ಪು. ಸಂಶೋಧನೆ ಮುಂದೆ ಬರಲಿದೆ ಎಂದು ನೀವು ಕಾಯುತ್ತಿದ್ದೀರಿ, ನಿಮಗೆ ಬೇಕಾದ ಸಂಶೋಧನೆ ಆಗಲೇ ಮುಗಿದಿದೆ. ಅದೇ ಬಾಸ್ಟನ್‌ನಲ್ಲಿ 1954ರಲ್ಲಿ ಜೋಸೆಫ್ ಮರ್ರೆ ಅವಳಿ ಸಹೋದರರ ನಡುವೆ ಕಿಡ್ನಿ ಕಸಿ ಮಾಡಿ ಗೆದ್ದರು. ನಮ್ಮ ದೇಶದಲ್ಲೂ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1971ರಲ್ಲೇ ಕಿಡ್ನಿ ಕಸಿ ಆಯಿತು. ಬದುಕಿರುವ ದಾನಿಯ ಕಿಡ್ನಿ ಸರಾಸರಿ 15-20 ವರ್ಷ ಕೆಲಸ ಮಾಡುತ್ತದೆ. ಡಯಾಲಿಸಿಸ್‌ನಲ್ಲಿ ವರ್ಷಗಳು ಕಳೆದಷ್ಟೂ ಕಸಿಯ ಫಲ ಕುಗ್ಗುತ್ತದೆ, ಹೃದಯ ಮತ್ತು ರಕ್ತನಾಳಗಳು ಸವೆಯುತ್ತವೆ. ಅಂದರೆ ಕಾಯುವುದೂ ಒಂದು ಖರ್ಚೇ.

ಅಮ್ಮನನ್ನು ನೋಯಿಸಬಾರದು ಎಂಬ ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಆದರೆ ಅವರ ಬದಲಿಗೆ ನೀವು ತೀರ್ಮಾನಿಸಬೇಡಿ. ಅವರ ಸಕ್ಕರೆ, ರಕ್ತದೊತ್ತಡ, ಎರಡೂ ಕಿಡ್ನಿಗಳ ಸಾಮರ್ಥ್ಯ ಎಲ್ಲವನ್ನೂ ಅಳೆಯುತ್ತಾರೆ, ಸ್ವಲ್ಪ ಅನುಮಾನವಿದ್ದರೂ ಬೇಡವೆನ್ನುತ್ತಾರೆ. ಉಳಿದ ಒಂದು ಕಿಡ್ನಿ ಕೊಂಚ ಹಿಗ್ಗಿ ಹೆಚ್ಚಿನ ಕೆಲಸ ವಹಿಸಿಕೊಳ್ಳುತ್ತದೆ. ಅಪಾಯ ಇಲ್ಲವೇ ಇಲ್ಲ ಎಂದು ಹೇಳುವುದಿಲ್ಲ, ಅದನ್ನು ಅಮ್ಮನ ಎದುರಿಗೇ ವೈದ್ಯರಿಂದ ಕೇಳಿಸಿ. ನನ್ನ ಅಮ್ಮ ಈಗಲೂ ಬೆಳಗ್ಗೆ ಎದ್ದು ಹಿತ್ತಿಲಿನ ಕೆಲಸವನ್ನೆಲ್ಲ ಮಾಡುತ್ತಾರೆ.

ಈ ವಾರವೇ ಅಮ್ಮನನ್ನು ಕರೆದುಕೊಂಡು ಕಿಡ್ನಿ ತಜ್ಞರ ಬಳಿಗೆ ಹೋಗಿ. ಎಚ್‌ಎಲ್‌ಎ ಪ್ರತಿಕಾಯಗಳ ಪರೀಕ್ಷೆಯನ್ನು ಮೊದಲು ಮಾಡಿಸಿ. ಎರಿಥ್ರೊಪೊಯೆಟಿನ್ ಇಂಜೆಕ್ಷನ್ ಬರೆದಿದ್ದರೆ ಒಂದನ್ನೂ ತಪ್ಪಿಸಬೇಡಿ. ರಕ್ತ ಏರಿಸಬೇಕು ಎಂದು ಯಾರಾದರೂ ಹೇಳಿದರೆ, "ನಾನು ಕಸಿಗೆ ಹೋಗುವವನು, ಇದು ಅನಿವಾರ್ಯವೇ? ಬಿಳಿ ಕಣ ಸೋಸಿದ ರಕ್ತ ಸಿಗುತ್ತದೆಯೇ?" ಎಂದು ಕೇಳಿ. ಜೀವಕ್ಕೇ ಕುತ್ತು ಬಂದಾಗ ಏರಿಸಿಕೊಳ್ಳಲೇಬೇಕು, ಅಲ್ಲಿ ಹಟ ಬೇಡ. ಇದುವರೆಗೆ ನಿಮಗೆ ರಕ್ತ ಏರಿಸಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ. ಏರಿಸಿದ್ದರೆ ಅದನ್ನು ತಜ್ಞರಿಗೆ ಮೊದಲ ಮಾತಿನಲ್ಲೇ ತಿಳಿಸಿ.